ಸೂಲಗಿತ್ತಿಯ ಸರ್ಟಿಫಿಕೇಟು

ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ನಾನು ಮಧುಗಿರಿ ಸೀಮೆಯ ಉಪಕೇಂದ್ರವೊಂದಕ್ಕೆ ಸೇರಿದ್ದು 1980ರ ದಶಕದ ಆರಂಭದಲ್ಲಿ. ಊರವರ ಬಾಯಲ್ಲಿ ನಾನು ನರ್ಸಮ್ಮ. ಹದಿನೆಂಟು ತಿಂಗಳ ತರಬೇತಿ ಮುಗಿಸಿ, ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡು ಬಂದಿದ್ದೆ. ವಯಸ್ಸು ಇಪ್ಪತ್ತರ ಆಸುಪಾಸು. ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ಒಂದು, ಸುತ್ತಲ ಹಳ್ಳಿಗಳ ಸೂಲಗಿತ್ತಿಯರಿಗೆ ಹೆರಿಗೆ ಮಾಡಿಸುವುದನ್ನು ಕಲಿಸುವುದು. ಅವರಲ್ಲಿ ಹೆಚ್ಚಿನವರು ನನ್ನ ಅಜ್ಜಿಯ ವಯಸ್ಸಿನವರು. ನಾನು ಹುಟ್ಟುವ ಮೊದಲೇ ನೂರಾರು ಮಕ್ಕಳನ್ನು ಕೈಯಲ್ಲಿ ಹಿಡಿದವರು. ಅವರಿಗೆ ತಿಂಗಳೊಪ್ಪತ್ತು ಪಾಠ ಹೇಳಿ, ಒಂದು ಪೆಟ್ಟಿಗೆ ಕೊಟ್ಟು, ಒಂದು ಸರ್ಟಿಫಿಕೇಟು ಕೊಡಬೇಕೆಂದು ಸರ್ಕಾರ ತೀರ್ಮಾನಿಸಿತ್ತು.

ಹೆರಿಗೆ ಮಾಡಿಸುವ ಕೆಲಸಕ್ಕೆ ಪರವಾನಗಿ ಬೇಕು ಎಂಬ ಮಾತು ನಮ್ಮ ದೇಶದಲ್ಲಿ ಕೇಳಿಬಂದು ನೂರು ವರ್ಷದ ಮೇಲಾಯಿತು. ಆ ಪರವಾನಗಿಯಿಂದ ಜೀವ ಉಳಿದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದು ಯಾರನ್ನು ಹೊರಗಿಟ್ಟಿತು, ಅವರ ಜೊತೆ ಯಾವ ವಿದ್ಯೆ ಹೊರಗೆ ನಡೆಯಿತು ಎಂಬುದನ್ನೂ ಕಂಡಿದ್ದೇನೆ. ಆಸ್ಪತ್ರೆಯ ಕಡೆಯವರು ಮೊದಲನೆಯದನ್ನಷ್ಟೇ ಹೇಳುತ್ತಾರೆ, ಹಳೆಯ ಕಾಲವನ್ನು ಹೊಗಳುವವರು ಎರಡನೆಯದನ್ನಷ್ಟೇ. ಎರಡೂ ನಿಜವಾದ್ದರಿಂದ ಎರಡನ್ನೂ ಒಂದೇ ಕಡೆ ಬರೆದಿಡಬೇಕೆಂದು ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ.

ಸೂಲಗಿತ್ತಿಯ ಕೆಲಸ ಮಗು ಹುಟ್ಟಿದ ಗಳಿಗೆಗೆ ಮುಗಿಯುತ್ತಿರಲಿಲ್ಲ. ಬೇನೆ ಶುರುವಾಯಿತೆಂದು ಕರೆ ಬಂದರೆ ಎದ್ದು ಹೊರಡುತ್ತಿದ್ದಳು. ನಡುರಾತ್ರಿಯಾಗಲಿ, ಸುಗ್ಗಿಯ ಕಣದ ಕೆಲಸವಾಗಲಿ, ಇನ್ನೊಂದು ಹೊತ್ತಿಗೆ ಬರುತ್ತೇನೆ ಎನ್ನುವಂತಿರಲಿಲ್ಲ. ಹೆರಿಗೆಯಾಗಿ, ಕಸ (ಮಾಸು) ಬಿದ್ದು, ಹೊಕ್ಕುಳಬಳ್ಳಿ ಕತ್ತರಿಸಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದ ಮೇಲೂ, ಬಾಣಂತಿಗೆ ಎಣ್ಣೆ ನೀರು ಎರೆಯಲು ಹಲವು ದಿನ ಆ ಮನೆಗೆ ಬಂದುಹೋಗುತ್ತಿದ್ದಳು. ಇದಕ್ಕೆಲ್ಲ ಸಿಗುತ್ತಿದ್ದದ್ದು ಒಂದು ಮೊರ ರಾಗಿ, ಒಂದು ಸೀರೆ, ಎಲೆ ಅಡಿಕೆ. ಗಂಡು ಮಗುವಾದರೆ ಮೊರ ತುಂಬುತ್ತಿತ್ತು, ಹೆಣ್ಣಾದರೆ ಅರ್ಧಕ್ಕೆ ನಿಲ್ಲುತ್ತಿತ್ತು. ಬಹಳ ಕಡೆ ಈ ಕೆಲಸ ದಲಿತ ಹೆಂಗಸರ, ಕ್ಷೌರಿಕ ಮನೆತನದ ಹೆಂಗಸರ ಪಾಲಿಗೆ ಬಂದಿತ್ತು. ಹೆರಿಗೆಯನ್ನು ಮೈಲಿಗೆ ಎಂದ ಸಮಾಜ ಆ ಮೈಲಿಗೆಯನ್ನು ಹೊರುವ ಕೆಲಸವನ್ನೂ ಅವರಿಗೇ ಕೊಟ್ಟಿತ್ತು. ಒಳಮನೆಯಲ್ಲಿ ಮಗುವನ್ನು ಎತ್ತಿದ ಕೈಗೆ ನಾಮಕರಣದ ದಿನ ಹೊರಜಗಲಿಯಲ್ಲಿ ಊಟ ಹಾಕಿದ್ದನ್ನು ನಾನು ನೋಡಿದ್ದೇನೆ.

ಈ ವಿದ್ಯೆ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ, ಅಜ್ಜಿಯಿಂದ ಮೊಮ್ಮಗಳಿಗೆ ಇಳಿಯುತ್ತಿತ್ತು. ನಮ್ಮ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಕಲಿತದ್ದು ಅಜ್ಜಿ ಮರಿಗೆಮ್ಮನವರಿಂದ. 1940ರಲ್ಲಿ, ಸುಮಾರು ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಹೆರಿಗೆಗೆ ನೆರವಾದ ಅವರು ಮುಂದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಲೆಕ್ಕ. ಹಣ ಕೇಳಲಿಲ್ಲ. ಶಾಲೆಯ ಮುಖ ನೋಡಿರಲಿಲ್ಲ. ಯಾವ ಪರಿಷತ್ತಿನ ಪುಸ್ತಕದಲ್ಲೂ ಅವರ ಹೆಸರಿರಲಿಲ್ಲ.

ಹಾಗಿದ್ದರೆ ಪರವಾನಗಿಯ ಅಗತ್ಯವಾದರೂ ಯಾಕೆ ಬಂತು? ಸಾವುಗಳಿಂದ ಬಂತು. ಹೊಕ್ಕುಳಬಳ್ಳಿಯನ್ನು ಕುಡುಗೋಲಿನಲ್ಲೋ ಹಳೆಯ ಬ್ಲೇಡಿನಲ್ಲೋ ಕತ್ತರಿಸಿ, ಕೆಲವೆಡೆ ಬೂದಿ, ಕೆಲವೆಡೆ ಸಗಣಿ ಹಚ್ಚುತ್ತಿದ್ದರು. ವಾರ ತುಂಬುವ ಹೊತ್ತಿಗೆ ಮಗು ಮೊಲೆ ಹಿಡಿಯುವುದನ್ನು ಬಿಟ್ಟು, ಮೈ ಬಿಲ್ಲಿನಂತೆ ಸೆಟೆದು ಸಾಯುತ್ತಿತ್ತು. ಅದು ಧನುರ್ವಾಯು. ಊರಲ್ಲಿ ಅದನ್ನು ಗಾಳಿ ಸೋಕಿತು ಎನ್ನುತ್ತಿದ್ದರು. ತಾಯಿಗೆ ಮೂರನೆಯ ದಿನ ಚಳಿ ಜ್ವರ ಬಂದು ಬಡಬಡಿಸಿ ಸತ್ತರೆ ಬಾಣಂತಿ ಸನ್ನಿ ಎನ್ನುತ್ತಿದ್ದರು. ಅದು ಕೈಯಿಂದ ಹತ್ತಿದ ನಂಜು. ಅಡ್ಡ ಬಿದ್ದ ಮಗು, ನಿಲ್ಲದ ರಕ್ತಸ್ರಾವ, ತಲೆ ಸಿಕ್ಕಿಕೊಂಡ ಹೆರಿಗೆ, ಇವುಗಳ ಮುಂದೆ ಎಂಥ ಅನುಭವಿ ಕೈಯೂ ಸೋಲುತ್ತಿತ್ತು. ಸೋತಾಗ ಎಲ್ಲಿಗೆ ಕಳಿಸಬೇಕೆಂಬ ದಾರಿಯೇ ಇರಲಿಲ್ಲ.

ಕೈಯ ನಂಜು ಓದಿದವರನ್ನೂ ಬಿಟ್ಟಿರಲಿಲ್ಲ. ವಿಯೆನ್ನಾ ನಗರದ ದೊಡ್ಡಾಸ್ಪತ್ರೆಯಲ್ಲಿ 1840ರ ದಶಕದಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. ವೈದ್ಯರ ವಿಭಾಗದಲ್ಲಿ ಬಾಣಂತಿಯರ ಸಾವು ಸೂಲಗಿತ್ತಿಯರ ವಿಭಾಗಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ವೈದ್ಯರು ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಕೋಣೆಗೆ ಬರುತ್ತಿದ್ದಾರೆ ಎಂಬುದನ್ನು ಇಗ್ನಾಜ್ ಸೆಮ್ಮೆಲ್‌ವೈಸ್ ಗುರುತಿಸಿ, 1847ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ತಂದರು. ಸಾವು ಕುಸಿಯಿತು. ಆದರೂ ಪದವಿ ಪಡೆದ ಬಹುಪಾಲು ವೈದ್ಯರು ಆ ಮಾತನ್ನು ಒಪ್ಪಲು ದಶಕಗಳೇ ಹಿಡಿದವು. ನರ್ಸಿಂಗ್ ಶಾಲೆಯಲ್ಲಿ ಈ ಪಾಠ ಓದಿದಾಗಿನಿಂದ ಒಂದು ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಸರ್ಟಿಫಿಕೇಟು ಬೇರೆ, ಶುಚಿಯಾದ ಕೈ ಬೇರೆ. ಮೊದಲನೆಯದು ಎರಡನೆಯದನ್ನು ತರುವಂತಿದ್ದರೆ ಮಾತ್ರ ಅದಕ್ಕೆ ಬೆಲೆ.

ಸೂಲಗಿತ್ತಿಯರಿಗೆ ಕಾನೂನಿನ ಪರವಾನಗಿ ತಂದ ದೇಶಗಳಲ್ಲಿ ಇಂಗ್ಲೆಂಡಿನ ಕತೆಯನ್ನು ಗಮನಿಸಬೇಕು, ನಮ್ಮ ಕಾನೂನುಗಳ ಬೇರು ಅಲ್ಲಿದೆ. ಅಲ್ಲಿ ಮಿಡ್‌ವೈಫ್ ಕಾಯಿದೆ ಬಂದದ್ದು 1902ರಲ್ಲಿ. ಅದಕ್ಕಾಗಿ ಒಂದು ಕೇಂದ್ರ ಮಂಡಳಿ ಹುಟ್ಟಿತು. ಪರೀಕ್ಷೆ ಪಾಸಾದವರಿಗೆ ನೋಂದಣಿ ಸಿಕ್ಕಿತು. ಆದರೆ ಅದುವರೆಗೆ ಓಣಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಬಡ ಹೆಂಗಸರನ್ನು ಒಂದೇ ದಿನದಲ್ಲಿ ಹೊರಗೆ ಹಾಕಲಿಲ್ಲ. ಕಾಯಿದೆ ಬರುವ ಹೊತ್ತಿಗೆ ಕನಿಷ್ಠ ಒಂದು ವರ್ಷ ಪ್ರಾಮಾಣಿಕವಾಗಿ ಕೆಲಸ ಮಾಡಿದ್ದು, ಒಳ್ಳೆಯ ನಡತೆಯವಳೆಂದು ಗೊತ್ತಿದ್ದರೆ, ಪರೀಕ್ಷೆ ಇಲ್ಲದೆಯೂ ಅವಳ ಹೆಸರು ಪಟ್ಟಿಗೆ ಸೇರುತ್ತಿತ್ತು. ಮೊದಲ ಪಟ್ಟಿಯಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಹೀಗೆ ಬಂದವರೇ. ನೋಂದಣಿಯಿಲ್ಲದೆ ಹಣಕ್ಕಾಗಿ ಹೆರಿಗೆ ಮಾಡಿಸುವುದನ್ನು ರೂಢಿ ಮಾಡಿಕೊಳ್ಳಬಾರದು ಎಂಬ ನಿಷೇಧ ಜಾರಿಗೆ ಬಂದದ್ದು 1910ರಲ್ಲಿ. ನಡುವೆ ಎಂಟು ವರ್ಷ ಅವಕಾಶ ಕೊಟ್ಟಿದ್ದರು. ಪಟ್ಟಿಗೆ ಸೇರಿದವಳ ಮನೆಗೆ ಮೇಲ್ವಿಚಾರಕಿ ಬಂದು ಅವಳ ಚೀಲ, ಕತ್ತರಿ, ಉಡುಪು ನೋಡುತ್ತಿದ್ದಳು. ಕಷ್ಟದ ಹೆರಿಗೆಯಾದರೆ ವೈದ್ಯರನ್ನು ಕರೆಸಲೇಬೇಕೆಂಬ ನಿಯಮವಿತ್ತು. ಹಳೆಯ ಅನುಭವವನ್ನು ಒಳಗೆ ಸೇರಿಸಿಕೊಂಡು, ಅದರ ಮೇಲೆ ಕಣ್ಣಿಟ್ಟು, ಮುಂದಿನ ತಲೆಮಾರಿಗೆ ಮಾತ್ರ ಪರೀಕ್ಷೆ ಕಡ್ಡಾಯ ಮಾಡಿದ ಕ್ರಮ ಇದು.

ನಮ್ಮಲ್ಲಿ ಹಾಗಾಗಲಿಲ್ಲ. 1885ರಲ್ಲಿ ವೈಸರಾಯ್ ಡಫರಿನ್ ಅವರ ಪತ್ನಿಯ ಹೆಸರಿನ ನಿಧಿ ಹುಟ್ಟಿ, ಹೆಂಗಸರಿಗೆ ಹೆಂಗಸರೇ ಚಿಕಿತ್ಸೆ ಕೊಡುವ ಆಸ್ಪತ್ರೆಗಳಿಗೆ ನೆರವಾಯಿತು. 1903ರಲ್ಲಿ ಲೇಡಿ ಕರ್ಜನ್ ವಿಕ್ಟೋರಿಯಾ ಸ್ಮಾರಕ ವಿದ್ಯಾರ್ಥಿವೇತನ ನಿಧಿ ಕಟ್ಟಿದರು. ನಾಡಿನ ಸೂಲಗಿತ್ತಿಯರಾದ ದಾಯಿಯರಿಗೇ ತರಬೇತಿ ಕೊಡುವುದು ಅದರ ಉದ್ದೇಶ. ಉದ್ದೇಶ ದೊಡ್ಡದು, ಹಣ ಸಣ್ಣದು. ಕರೆದರೂ ದಾಯಿಯರು ಬರುತ್ತಿಲ್ಲ, ಬಂದವರೂ ಹಳೆಯ ರೂಢಿ ಬಿಡುವುದಿಲ್ಲ ಎಂಬ ದೂರು ಅಂದಿನ ವರದಿಗಳಲ್ಲಿ ತುಂಬಿದೆ. ದಿನದ ಕೂಲಿ ಬಿಟ್ಟು ಬರುವ ಹೆಂಗಸಿಗೆ ಅಂದಿನ ಗಂಜಿ ಎಲ್ಲಿಂದ ಎಂಬ ಪ್ರಶ್ನೆಗೆ ಆ ದೂರಿನಲ್ಲಿ ಉತ್ತರವಿರಲಿಲ್ಲ.

ಆಮೇಲೆ ಕಾಯಿದೆಗಳು ಬಂದವು. ಮದ್ರಾಸ್ ಪ್ರಾಂತ್ಯದಲ್ಲಿ 1926ರಲ್ಲಿ ನರ್ಸ್ ಮತ್ತು ಮಿಡ್‌ವೈಫ್‌ಗಳ ಕಾಯಿದೆ ಬಂದಾಗ ಬಳ್ಳಾರಿ, ಮಂಗಳೂರು ಅದರಡಿ ಬಂದವು. ಮುಂಬಯಿ ಪ್ರಾಂತ್ಯ 1935ರಲ್ಲಿ ತನ್ನದೊಂದು ಕಾಯಿದೆ ಮಾಡಿದಾಗ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯವರು ಅದರಡಿ ಬಂದರು. ಮೈಸೂರು ಸಂಸ್ಥಾನದಲ್ಲಿ ಅದೇ 1935ರಲ್ಲಿ ಬೆಂಗಳೂರಿನ ಕೋಟೆಯ ಪಕ್ಕ ವಾಣಿವಿಲಾಸ ಆಸ್ಪತ್ರೆ ಬಾಗಿಲು ತೆರೆಯಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ ಮಂಡ್ಯದಲ್ಲಿ, ಆಮೇಲೆ ಇಂದಿನ ರಾಮನಗರವಾದ ಕ್ಲೋಸ್‌ಪೇಟೆಯಲ್ಲಿ ಸಂಸ್ಥಾನ ಹಳ್ಳಿ ಆರೋಗ್ಯ ಘಟಕಗಳನ್ನು ನಡೆಸಿತು. ಅಲ್ಲಿ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ಮಿಡ್‌ವೈಫಮ್ಮಂದಿರು ಇದ್ದರು. ಈ ಕಾಯಿದೆಗಳ ಪಟ್ಟಿಗೆ ಸೇರಿದವರು ಪಟ್ಟಣದ ಶಾಲೆ ಕಂಡವರು. ಹಳ್ಳಿಯ ಸೂಲಗಿತ್ತಿ ಪಟ್ಟಿಯ ಒಳಗೂ ಬರಲಿಲ್ಲ. ಅವಳನ್ನು ಬಿಟ್ಟರೆ ಬೇರೆ ಗತಿಯಿಲ್ಲದ್ದರಿಂದ ಅವಳನ್ನು ತಡೆಯಲೂ ಯಾರಿಗೂ ಆಗಲಿಲ್ಲ.

ಗತಿಯಿಲ್ಲ ಎಂಬುದು ಎಷ್ಟು ನಿಜವಾಗಿತ್ತು ಎನ್ನುವುದಕ್ಕೆ ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿ ಸಾಕ್ಷಿ. ಅಂದಿನ ಭಾರತದಲ್ಲಿ ಸಾವಿರ ಹೆರಿಗೆಗೆ ಸುಮಾರು 20 ತಾಯಂದಿರು, ವರ್ಷಕ್ಕೆ ಸುಮಾರು 2 ಲಕ್ಷ ಮಂದಿ ಸಾಯುತ್ತಿದ್ದಾರೆಂದು ಸಮಿತಿ ಅಂದಾಜು ಮಾಡಿತು. ಇಡೀ ದೇಶಕ್ಕೆ ತರಬೇತಿ ಪಡೆದ ಮಿಡ್‌ವೈಫ್‌ಗಳು ಸುಮಾರು 5,000 ಮಂದಿ, ಅಂದರೆ 60,000 ಜನಕ್ಕೆ ಒಬ್ಬರು. ಬೇಕಾಗಿದ್ದವರು 1 ಲಕ್ಷ. ಅಷ್ಟು ಮಂದಿ ತಯಾರಾಗುವ ತನಕ ಹಳ್ಳಿಯ ದಾಯಿಯರಿಗೇ ತರಬೇತಿ ಕೊಟ್ಟು ಕೆಲಸ ನಡೆಸಬೇಕೆಂದು ಸಮಿತಿ ಹೇಳಿತು. ಸದ್ಯಕ್ಕೆ ಇವರು, ಮುಂದೆ ಬೇಡ ಎಂಬ ಧೋರಣೆ ಅಲ್ಲಿಂದಲೇ ಶುರುವಾಯಿತು. ಮುಂದಿನ ಐವತ್ತು ವರ್ಷ ಸೂಲಗಿತ್ತಿಯನ್ನು ಸರ್ಕಾರ ನಡೆಸಿಕೊಂಡದ್ದು ಇದೇ ಧೋರಣೆಯಲ್ಲಿ.

1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ, 1950ರ ದಶಕದಲ್ಲಿ ಸಹಾಯಕ ನರ್ಸ್ ಮಿಡ್‌ವೈಫ್ (ಎಎನ್ಎಂ) ತರಬೇತಿ, 1961ರಲ್ಲಿ ಏಕೀಕೃತ ಮೈಸೂರು ರಾಜ್ಯದ ನರ್ಸ್, ಮಿಡ್‌ವೈಫ್ ಮತ್ತು ಹೆಲ್ತ್ ವಿಸಿಟರುಗಳ ಕಾಯಿದೆ ಬಂದವು. ನನ್ನಂಥವರಿಗೆ ಸಂಬಳ, ಪಿಂಚಣಿ, ಊರಲ್ಲಿ ಒಂದು ಸ್ಥಾನ ತಂದುಕೊಟ್ಟದ್ದು ಈ ಸಾಲು ಕಾಯಿದೆಗಳು. ಬಡ ಮನೆಯ ಹುಡುಗಿಯೊಬ್ಬಳು ಎಸ್ಸೆಸ್ಸೆಲ್ಸಿ ಮುಗಿಸಿ, ಯಾರ ಶಿಫಾರಸೂ ಇಲ್ಲದೆ, ಅಂಕ ಮತ್ತು ಸರ್ಟಿಫಿಕೇಟಿನ ಬಲದಿಂದಲೇ ಸರ್ಕಾರಿ ನೌಕರಿಗೆ ಸೇರಿದಳು. ನಾನು ಯಾರ ಮಗಳೆಂದು ನೋಂದಣಿ ಪುಸ್ತಕ ಕೇಳಲಿಲ್ಲ. ಪರವಾನಗಿಯ ಹೆಚ್ಚುಗಾರಿಕೆಯನ್ನು ಹೇಳುವಾಗ ಇದನ್ನು ಮೊದಲು ಹೇಳಬೇಕು.

ದಾಯಿ ತರಬೇತಿ ಊರೂರಿಗೆ ಬಂದದ್ದು 1977ರ ಗ್ರಾಮೀಣ ಆರೋಗ್ಯ ಯೋಜನೆಯಿಂದ. ನಿಯಮ ಹೀಗಿತ್ತು. 30 ದಿನದ ತರಬೇತಿ. ವಾರಕ್ಕೆ ಎರಡು ದಿನ ಆರೋಗ್ಯ ಕೇಂದ್ರದಲ್ಲಿ ಪಾಠ, ಉಳಿದ ನಾಲ್ಕು ದಿನ ಆರೋಗ್ಯ ಸಹಾಯಕಿಯ ಜೊತೆ ಹಳ್ಳಿ ತಿರುಗುವುದು. ತರಬೇತಿಯಲ್ಲಿದ್ದಾಗ ಕನಿಷ್ಠ ಎರಡು ಹೆರಿಗೆ ನಮ್ಮ ಕಣ್ಣೆದುರಿಗೆ ಮಾಡಿಸಬೇಕು. ಭತ್ಯೆ ಒಟ್ಟು 300 ರೂಪಾಯಿ. ಮುಗಿದ ಮೇಲೆ ಒಂದು ಸರ್ಟಿಫಿಕೇಟು, ಒಂದು ಹೆರಿಗೆ ಪೆಟ್ಟಿಗೆ. ಆಮೇಲೆ ಉಪಕೇಂದ್ರದಲ್ಲಿ ನೋಂದಾಯಿಸಿದ ಪ್ರತಿ ಹೆರಿಗೆಗೆ 10 ರೂಪಾಯಿ.

ನಾವು ಕಲಿಸಿದ ಮುಖ್ಯ ಪಾಠ ಐದು ಶುಚಿಗಳು. ಕೈ ಶುಚಿ, ಹೆರಿಗೆಯ ಜಾಗ ಶುಚಿ, ಬ್ಲೇಡು ಶುಚಿ, ಬಳ್ಳಿ ಕಟ್ಟುವ ದಾರ ಶುಚಿ, ಕತ್ತರಿಸಿದ ಹೊಕ್ಕುಳಿಗೆ ಏನನ್ನೂ ಹಚ್ಚದಿರುವ ಶುಚಿ. ಸೋಪು ಹಚ್ಚಿ ಮೊಣಕೈವರೆಗೆ ಉಜ್ಜುವುದು, ಉಗುರು ಕತ್ತರಿಸುವುದು, ಬಳೆ ಮೇಲಕ್ಕೆ ಸರಿಸುವುದು, ದಾರವನ್ನೂ ಬ್ಲೇಡನ್ನೂ ಕುದಿಯುವ ನೀರಿಗೆ ಹಾಕುವುದು. ಇನ್ನೊಂದು ಪಾಠ, ಯಾವಾಗ ತಾನು ಕೈ ಹಾಕಬಾರದು ಎಂಬುದು. ಮೊದಲು ಕೈ ಕಾಣಿಸಿಕೊಂಡರೆ, ನೀರೊಡೆದು ಒಂದು ದಿನ ಕಳೆದರೆ, ಕಾಲು ಊದಿ ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಕಸ ಬೀಳದಿದ್ದರೆ, ತಡಮಾಡದೆ ಗಾಡಿ ಕಟ್ಟಿಸಬೇಕು. ಓದು ಬಾರದವರಿಗೆ ಚಿತ್ರ ತೋರಿಸಿ ಹೇಳುತ್ತಿದ್ದೆವು. ಒಮ್ಮೆ ಕೇಳಿದ್ದನ್ನು ಅವರು ಮರೆಯುತ್ತಿರಲಿಲ್ಲ. ಬರೆದಿಟ್ಟುಕೊಳ್ಳುವ ರೂಢಿಯಿಲ್ಲದವರ ನೆನಪು ಎಷ್ಟು ಗಟ್ಟಿ ಎಂದು ನನಗೆ ಗೊತ್ತಾದದ್ದು ಆ ದಿನಗಳಲ್ಲಿ.

ಫಲ ಕಂಡಿತು. ಗರ್ಭಿಣಿಯರಿಗೆ ಧನುರ್ವಾಯು ತಡೆಯುವ ಟಿ.ಟಿ. ಸೂಜಿ, ಜೊತೆಗೆ ಶುಚಿಯಾದ ಬ್ಲೇಡು ಬಂದಂತೆಲ್ಲ ಮಕ್ಕಳು ಸೆಟೆದು ಸಾಯುವುದು ನಮ್ಮ ಹಳ್ಳಿಗಳಲ್ಲಿ ಕಡಿಮೆಯಾಗುತ್ತ ಬಂತು. 2015ರಲ್ಲಿ ಭಾರತ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಆ ಸಾಧನೆಯಲ್ಲಿ ಸೂಜಿ ಹಾಕಿದ ನಮ್ಮ ಪಾಲಿದೆ, ಹಳೆಯ ಕುಡುಗೋಲನ್ನು ಮೂಲೆಗಿಟ್ಟು ಹೊಸ ಬ್ಲೇಡು ಹಿಡಿದ ಸೂಲಗಿತ್ತಿಯರ ಪಾಲೂ ಇದೆ. ಅವರ ಪಾಲನ್ನು ಯಾರೂ ಬರೆದಿಡಲಿಲ್ಲ ಎಂಬ ಕಾರಣಕ್ಕೆ ಇಲ್ಲಿ ಒತ್ತಿ ಬರೆಯುತ್ತಿದ್ದೇನೆ.

ಪರವಾನಗಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಆ ವರ್ಷಗಳು ತೋರಿಸಿದವು. ಹಳ್ಳಿಗಳಿಗೆ ಸೈಕಲ್ಲಿನಲ್ಲಿ, ಆಮೇಲೆ ಬೈಕಿನಲ್ಲಿ ಚೀಲ ಹಾಕಿಕೊಂಡು ಬರುವ ಡಾಕ್ಟರುಗಳಿದ್ದರು. ಕಾಂಪೌಂಡರ್ ಆಗಿದ್ದವರು, ಔಷಧಿ ಅಂಗಡಿಯಲ್ಲಿ ನಿಂತಿದ್ದವರು. ಬೇನೆ ನಿಧಾನವಾದ ಮನೆಗೆ ಅವರನ್ನು ಕರೆಸಿದರೆ ಬೇನೆ ಇಂಜೆಕ್ಷನ್ ಎಂದು ಆಕ್ಸಿಟೋಸಿನ್ ಚುಚ್ಚುತ್ತಿದ್ದರು. ಮಗುವಿನ ತಲೆ ಇಳಿಯಲು ಜಾಗವಿದೆಯೇ, ಗರ್ಭದ ಬಾಯಿ ಎಷ್ಟು ತೆರೆದಿದೆ ಎಂದು ನೋಡದೆ ಆ ಸೂಜಿ ಹಾಕಿದರೆ ಗರ್ಭಕೋಶ ಹರಿಯಬಹುದು, ಮಗು ಒಳಗೇ ಉಸಿರುಗಟ್ಟಬಹುದು. ಹಾಗೆ ಹರಿದು ಬಂದ ಹೆಂಗಸೊಬ್ಬಳನ್ನು ಜೀಪಿನಲ್ಲಿ ಮಲಗಿಸಿಕೊಂಡು ಜಿಲ್ಲಾಸ್ಪತ್ರೆಗೆ ಓಡಿದ್ದೇನೆ. ಅವಳು ಉಳಿಯಲಿಲ್ಲ. ಸೂಜಿ ಹಾಕಿದವನನ್ನು ಕೇಳುವ ಅಧಿಕಾರ ಯಾವ ಪರಿಷತ್ತಿಗೂ ಇರಲಿಲ್ಲ, ಯಾಕೆಂದರೆ ಅವನ ಹೆಸರು ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನು ತಪ್ಪಿದ್ದರೆ ನನ್ನ ನೋಂದಣಿ ಹೋಗುತ್ತಿತ್ತು. ನೋಂದಣಿ ಎಂದರೆ ಹೊಣೆ. ತಪ್ಪು ಮಾಡಿದವರ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುವ ಹಕ್ಕು ಸಮಾಜಕ್ಕೆ ಸಿಗುವುದು ಅದರಿಂದಲೇ. ಈ ಮಾತನ್ನು ನಾನು ಯಾರ ಮುಂದೆಯೂ ಬಿಟ್ಟುಕೊಡುವುದಿಲ್ಲ.

ಇನ್ನು ಪರವಾನಗಿ ಕೇಳದೆ ಹೋದ ವಿದ್ಯೆಯ ಮಾತು. ನಾವು ಸೂಲಗಿತ್ತಿಯರಿಗೆ ಪ್ರಶ್ನೆ ಕೇಳುತ್ತಿದ್ದೆವು, ಅವರು ಉತ್ತರ ಹೇಳುತ್ತಿದ್ದರು. ಅವರಿಗೆ ಗೊತ್ತಿದ್ದನ್ನು ಕೇಳಬೇಕೆಂದು ನಮ್ಮ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ಹಳ್ಳಿ ತಿರುಗುವ ದಿನಗಳಲ್ಲಿ ಅವರ ಪಕ್ಕ ಕೂತು ನಾನು ನೋಡಿದ್ದು ಇಷ್ಟು. ಬೇನೆ ತಿನ್ನುವ ಹೆಂಗಸನ್ನು ಅವರು ಮಲಗಿಸಿಬಿಡುತ್ತಿರಲಿಲ್ಲ. ನಡೆಸುತ್ತಿದ್ದರು, ಕುಕ್ಕರಗಾಲಿನಲ್ಲಿ ಕೂರಿಸುತ್ತಿದ್ದರು, ತೊಲೆಗೆ ಕಟ್ಟಿದ ಹಗ್ಗ ಹಿಡಿಸುತ್ತಿದ್ದರು. ಕಸ ಬೀಳುವ ತನಕ ಹೊಕ್ಕುಳಬಳ್ಳಿಗೆ ಕೈ ಹಚ್ಚುತ್ತಿರಲಿಲ್ಲ. ಹೆರುವವಳ ತಾಯಿಯನ್ನೋ ಅಕ್ಕನನ್ನೋ ಬೆನ್ನಿಗೆ ಆನಿಸಿ ಕೂರಿಸುತ್ತಿದ್ದರು. ಬಿಸಿ ಬಿಸಿ ಗಂಜಿ ಕುಡಿಸುತ್ತಿದ್ದರು. ಮೇಲಾಗಿ, ಕಾಯುತ್ತಿದ್ದರು. ಒಮ್ಮೆ ಹತ್ತು ಗಂಟೆ ಕಳೆದರೂ ಆಗಲಿಲ್ಲವೆಂದು ನಾನು ಚಡಪಡಿಸುವಾಗ ಒಬ್ಬ ಅಜ್ಜಿ, "ಮಗಾ ತನ್ನ ಹೊತ್ತಿಗೆ ತಾನು ಬತ್ತದೆ ಕಣಮ್ಮ, ನೀನು ಅವಳ ಕೈ ಹಿಡ್ಕಂಡು ಕೂತ್ಕ" ಎಂದರು. ಹೊಟ್ಟೆಯ ಮೇಲೆ ಅಂಗೈ ಇಟ್ಟು ಮಗುವಿನ ಬೆನ್ನು ಯಾವ ಕಡೆಗಿದೆ ಎಂದು ಅವರು ಹೇಳಿದ್ದು, ನನ್ನ ಕೈಗೆ ಕೊಟ್ಟಿದ್ದ ಫೀಟೋಸ್ಕೋಪು ಹೇಳಿದ್ದಕ್ಕೆ ಸರಿಹೊಂದುತ್ತಿತ್ತು.

ಅವರ ರೂಢಿಗಳೆಲ್ಲ ಸರಿಯಿದ್ದವು ಎನ್ನುತ್ತಿಲ್ಲ. ಹೊಟ್ಟೆಯನ್ನು ಮೇಲಿನಿಂದ ಒತ್ತುವುದು, ಬಾಯಿ ತೆರೆಯುವ ಮುನ್ನವೇ ಮುಕ್ಕಲು ಹೇಳುವುದು, ಮೊದಲ ಹಾಲನ್ನು ಹಿಂಡಿ ಚೆಲ್ಲಿಸುವುದು, ಇವುಗಳಿಂದ ಕೆಡುಕಾಗುತ್ತಿತ್ತು. ಅವನ್ನು ಬಿಡಿಸಿದ್ದು ಸರಿ. ಆದರೆ ಕೆಟ್ಟದ್ದನ್ನು ಬಿಡಿಸಲು ಹೋದ ನಮ್ಮ ವ್ಯವಸ್ಥೆ ಒಳ್ಳೆಯದನ್ನು ಆರಿಸಿಕೊಳ್ಳಲಿಲ್ಲ. ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಏನು ಹೇಳುತ್ತಿದೆ ನೋಡಿ. ಬಳ್ಳಿಯನ್ನು ಕನಿಷ್ಠ ಒಂದು ನಿಮಿಷ ಕಳೆಯದೆ ಕಟ್ಟಬೇಡಿ. ಹೆರುವವಳು ತನಗೆ ಅನುಕೂಲವಾದಂತೆ ಕೂರಲಿ, ನಿಲ್ಲಲಿ, ನಡೆಯಲಿ. ಅವಳಿಗೆ ಬೇಕಾದವರೊಬ್ಬರು ಪಕ್ಕದಲ್ಲಿರಲಿ. ತೊಡಕಿಲ್ಲದಿದ್ದರೆ ಊಟ ನೀರು ತಡೆಯಬೇಡಿ. 2018ರ ಹೆರಿಗೆ ಮಾರ್ಗಸೂಚಿಯಲ್ಲಿ ಇವನ್ನು ಓದಿದಾಗ, ಸರ್ಟಿಫಿಕೇಟು ಕೊಡಲು ಕರೆಸಿದ್ದ ಆ ಅಜ್ಜಿಯಂದಿರು ಇವನ್ನೆಲ್ಲ ನಿತ್ಯ ಮಾಡುತ್ತಿದ್ದರಲ್ಲ ಎಂದು ನನಗೆ ಸಂಕಟವಾಯಿತು. ಅವರ ಬಾಯಿಂದ ಕೇಳಿ ಬರೆದಿಟ್ಟಿದ್ದರೆ ಈ ಪಾಠಗಳಿಗೆ ನಾವು ಇಷ್ಟು ವರ್ಷ ಕಾಯಬೇಕಾಗಿರಲಿಲ್ಲ.

ಸೂಲಗಿತ್ತಿಯರಿಗೆ ಬಾಗಿಲು ಮುಚ್ಚಿದ್ದು ಶತಮಾನ ತಿರುಗುವ ಹೊತ್ತಿಗೆ. ತಾಯಂದಿರ ಸಾವು ತಗ್ಗಬೇಕಾದರೆ ಪ್ರತಿ ಹೆರಿಗೆಗೂ ಕುಶಲ ಸಹಾಯಕರಿರಬೇಕು ಎಂಬ ನೀತಿ ಜಗತ್ತಿನಾದ್ಯಂತ ಬಂತು. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಮಿಡ್‌ವೈಫ್‌ಗಳ ಅಂತರರಾಷ್ಟ್ರೀಯ ಒಕ್ಕೂಟ ಮತ್ತು ಪ್ರಸೂತಿ ತಜ್ಞರ ಒಕ್ಕೂಟ ಸೇರಿ, ತರಬೇತಿ ಪಡೆದಿದ್ದರೂ ಪಡೆಯದಿದ್ದರೂ ಸಾಂಪ್ರದಾಯಿಕ ಸೂಲಗಿತ್ತಿ ಆ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಸ್ಪಷ್ಟಪಡಿಸಿದವು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂತು, ಆಶಾ ಕಾರ್ಯಕರ್ತೆಯರು ಬಂದರು, ಕರ್ನಾಟಕದಲ್ಲಿ ಮಡಿಲು ಕಿಟ್ ಬಂತು, ಆಂಬ್ಯುಲೆನ್ಸ್ ಬಂತು. 1998–99ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆರಿಗೆಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–20ರ ಸಮೀಕ್ಷೆಯ ಹೊತ್ತಿಗೆ ಅದು ಶೇ. 97. ಲಕ್ಷ ಜೀವಂತ ಜನನಕ್ಕೆ 2001–03ರಲ್ಲಿ 228 ಇದ್ದ ತಾಯಂದಿರ ಸಾವು 2018–20ರಲ್ಲಿ 69ಕ್ಕೆ ಇಳಿಯಿತು. ಈ ಅಂಕಿಗಳ ಹಿಂದೆ ಬದುಕುಳಿದ ತಾಯಂದಿರಿದ್ದಾರೆ. ಮನೆ ಹೆರಿಗೆಗೆ ಮರಳಿ ಹೋಗೋಣ ಎನ್ನುವವರ ಜೊತೆ ನಾನಿಲ್ಲ.

ಆದರೆ 2019–20ರ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಅಂಕಿ ಇದೆ. ಕರ್ನಾಟಕದ ಹೆರಿಗೆಗಳಲ್ಲಿ ಶೇ. 31.5 ಸಿಸೇರಿಯನ್. ಶೇ. 10ರಿಂದ 15ಕ್ಕಿಂತ ಹೆಚ್ಚಾಗಲು ಕಾರಣವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲೇ ಹೇಳಿತ್ತು. ಬೇಕಾದ ಹೊತ್ತಿಗೆ ಸಿಸೇರಿಯನ್ ಜೀವ ಉಳಿಸುತ್ತದೆ, ನಾನೇ ಎಷ್ಟೋ ತಾಯಂದಿರನ್ನು ಅದಕ್ಕಾಗಿ ಓಡಿಸಿಕೊಂಡು ಹೋಗಿದ್ದೇನೆ. ಆದರೆ ಮೂರರಲ್ಲಿ ಒಬ್ಬಳ ಹೊಟ್ಟೆ ಕೊಯ್ಯುವ ಈ ಕೆಲಸವನ್ನು ಮಾಡುತ್ತಿರುವವರೆಲ್ಲ ಪದವಿ, ನೋಂದಣಿ ಉಳ್ಳವರೇ. ಕಾಯುವ ವಿದ್ಯೆಯನ್ನು ಪರವಾನಗಿ ಪತ್ರ ಕಲಿಸುವುದಿಲ್ಲ. ಕಾಯದೇ ಹೋದವರನ್ನು ಅದು ಪ್ರಶ್ನಿಸುವುದೂ ಇಲ್ಲ.

ಸೂಲಗಿತ್ತಿಯರ ಮಕ್ಕಳು, ಮೊಮ್ಮಕ್ಕಳು ಈ ವೃತ್ತಿಗೆ ಬರಬಹುದಿತ್ತಲ್ಲ ಎಂದು ಕೇಳುತ್ತಾರೆ. ನಾನು ಎಸ್ಸೆಸ್ಸೆಲ್ಸಿ ಓದಿ ಸೇರಿದ ಎಎನ್ಎಂ ತರಬೇತಿಗೆ ಈಗ ಪಿಯುಸಿ ಆಗಿರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು. ಇಪ್ಪತ್ತು ವರ್ಷ ತಾಯಿಯ ಜೊತೆ ಹೆರಿಗೆ ಮಾಡಿಸಿದ ನಲವತ್ತರ ಹೆಂಗಸಿಗೆ ಅಲ್ಲಿ ಜಾಗವಿಲ್ಲ. ಗಾರೆ ಕೆಲಸದವನಿಗೆ, ಪ್ಲಂಬರಿಗೆ, ಅವನಿಗೆ ಬರುವ ಕಸುಬನ್ನೇ ಪರೀಕ್ಷಿಸಿ ಸರ್ಟಿಫಿಕೇಟು ಕೊಡುವ ದಾರಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ 2015ರಿಂದ ಇದೆ. ಗೋಡೆ ಕಟ್ಟುವ ಕೈಗೆ ಸಿಕ್ಕ ಈ ಗೌರವ ಮಗು ಹಿಡಿದ ಕೈಗೆ ಸಿಗಲಿಲ್ಲ. ಬದಲಿಗೆ ಪ್ರಶಸ್ತಿ ಸಿಕ್ಕಿತು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ನರಸಮ್ಮನವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ರಾಷ್ಟ್ರಪತಿಗಳು ಪದ್ಮಶ್ರೀ ಕೊಟ್ಟರು. ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ನಮ್ಮ ಜಿಲ್ಲೆಯವಳಾಗಿ ನಾನು ಆ ಪ್ರಶಸ್ತಿಯ ದಿನ ಹೆಮ್ಮೆಪಟ್ಟೆ. ಆದರೆ ಅವರ ವಿದ್ಯೆಯಲ್ಲಿ ಯಾವುದು ಇಂದಿನ ಹೆರಿಗೆ ಕೋಣೆಗೆ ಬೇಕು ಎಂದು ಆರಿಸಿ ಪಠ್ಯಕ್ಕೆ ಸೇರಿಸುವುದು ಪ್ರಶಸ್ತಿಗಿಂತ ದೊಡ್ಡ ಮರ್ಯಾದೆಯಾಗುತ್ತಿತ್ತು.

ಈಗ ಒಂದು ಹೊಸ ಅವಕಾಶ ಬಂದಿದೆ. 2018ರಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ಹೊರಡಿಸಿ, ನರ್ಸುಗಳಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರೇ ನೋಡಿಕೊಳ್ಳುವ ವ್ಯವಸ್ಥೆ ಕಟ್ಟಲು ಹೊರಟಿದೆ. 1947ರ ಕಾಯಿದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ಶುಶ್ರೂಷೆ ಮತ್ತು ಮಿಡ್‌ವೈಫರಿ ಆಯೋಗದ ಕಾಯಿದೆ ಬಂದಿದೆ. ಮಿಡ್‌ವೈಫ್ ಎಂಬ ವೃತ್ತಿಯನ್ನು ನರ್ಸಿನ ಬಾಲವಾಗಿ ಕಾಣದೆ ಅದರದೇ ಹೆಸರಿನಲ್ಲಿ ಗುರುತಿಸುವ ಹೆಜ್ಜೆ ಇದು. ಪರವಾನಗಿಯ ನಿಯಮಗಳನ್ನು ಮತ್ತೆ ಬರೆಯುವ ಕಾಲ ಇದೇ.

ಆ ನಿಯಮಗಳನ್ನು ಬರೆಯುವವರಿಗೆ ನನ್ನ ಸೇವೆ ಕಲಿಸಿದ್ದನ್ನು ಹೇಳುತ್ತೇನೆ. ಪರವಾನಗಿ ಇರಲೇಬೇಕು, ಇನ್ನೊಬ್ಬರ ಜೀವ ಕೈಯಲ್ಲಿರುವ ಕೆಲಸಕ್ಕಂತೂ ಇರಲೇಬೇಕು. ಅದರಲ್ಲಿ ಏನು ಮಾಡಬಹುದು ಎಂಬುದಕ್ಕಿಂತ ಎಲ್ಲಿ ನಿಲ್ಲಬೇಕು, ಯಾವಾಗ ಬೇರೆಯವರಿಗೆ ಒಪ್ಪಿಸಬೇಕು ಎಂಬುದು ಸ್ಪಷ್ಟವಾಗಿರಬೇಕು. ಹೊಸ ಪರವಾನಗಿ ತರುವಾಗ ಆಗಲೇ ಆ ಕೆಲಸ ಮಾಡುತ್ತಿರುವವರಿಗೆ ಒಳಗೆ ಬರಲು ಬಾಗಿಲೂ ಬೇಕು, ಹೊತ್ತೂ ಬೇಕು. ಪರೀಕ್ಷೆ ಕಾಗದದಲ್ಲಷ್ಟೇ ನಡೆಯದೆ ಕೈಯಲ್ಲೂ ನಡೆಯಬೇಕು. ಒಮ್ಮೆ ಕೊಟ್ಟ ಪರವಾನಗಿಯನ್ನು ಸಾಯುವ ತನಕ ಪ್ರಶ್ನಿಸದೆ ಬಿಡಬಾರದು, ಅದನ್ನು ಹೊಂದಿದವರು ಹೇಗೆ ನಡೆದುಕೊಳ್ಳುತ್ತಿದ್ದಾರೆಂದು ಆಗಾಗ ನೋಡಬೇಕು.

ನಮ್ಮ ಜಿಲ್ಲೆಗಳ ನರ್ಸಿಂಗ್ ಶಾಲೆಗಳಲ್ಲಿ ಮಿಡ್‌ವೈಫರಿ ಕಲಿಸುತ್ತಿರುವ ತಂಗಿಯರಿಗೆ ಒಂದು ಕೋರಿಕೆ. ನಿಮ್ಮ ಸುತ್ತಲ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಸೂಲಗಿತ್ತಿಯರನ್ನು ಹುಡುಕಿ, ಗಾಡಿ ಕಳಿಸಿ ಕರೆಸಿ, ಒಂದು ದಿನದ ಸಂಭಾವನೆ ಕೊಟ್ಟು ನಿಮ್ಮ ವಿದ್ಯಾರ್ಥಿನಿಯರ ಮುಂದೆ ಕೂರಿಸಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಇಂದಿನ ವಿಜ್ಞಾನದ ಜೊತೆ ಇಟ್ಟು ತೂಗಿ, ನಿಂತದ್ದನ್ನು ಕಲಿಸಿ. ಅವರಲ್ಲಿ ಹೆಚ್ಚಿನವರಿಗೆ ಎಂಬತ್ತು ದಾಟಿದೆ. ಈ ಕೆಲಸವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ.